ಎಲ್ಲರಿಗೂ ಒಂದೇ ಅಳತೆಯೇ? ಸಿ.ಟಿ. ಸ್ಕ್ಯಾನಿನ ಡೈ ಮತ್ತು ನಮ್ಮ ತೂಕ
(ಮಾಗಳದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಮ್ಮ ಮಾಗಳದಲ್ಲಿ ಯಾರಿಗಾದರೂ ಹೊಟ್ಟೆಯಲ್ಲಿ ಗಡ್ಡೆಯ ಸಂಶಯ ಬಂದರೆ ವೈದ್ಯರು ‘ಡೈ ಹಾಕಿಸಿ ಸಿ.ಟಿ. ಸ್ಕ್ಯಾನ್ ಮಾಡಿಸಿ’ ಎಂದು ಬರೆದುಕೊಡುತ್ತಾರೆ. ಹೊಸಪೇಟೆಗೋ ಬಳ್ಳಾರಿಗೋ ದಾವಣಗೆರೆಗೋ ಬಸ್ಸು ಹತ್ತುತ್ತೇವೆ. ಅಲ್ಲಿ ಎಷ್ಟು ಹಣ ಎಂದು ಕೇಳುತ್ತೇವೆ, ಎಷ್ಟು ಔಷಧಿ ಎಂದು ಕೇಳುವುದಿಲ್ಲ. ಇಂದು ಆ ಎರಡನೆಯ ‘ಎಷ್ಟು’ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಸಿ.ಟಿ. ಯಂತ್ರದಿಂದ ರೋಗಿಯನ್ನು ಮೊದಲ ಬಾರಿಗೆ ಪರೀಕ್ಷಿಸಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ಕಾರ್ಮ್ಯಾಕ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂದಿತು. ಈ ಯಂತ್ರ ಎಕ್ಸ್-ರೇ ಕಿರಣಗಳಿಂದ ದೇಹದ ಅಡ್ಡಸೀಳು ಚಿತ್ರ ತೆಗೆಯುತ್ತದೆ. ಆದರೆ ಲಿವರ್ ಮತ್ತು ಅದರೊಳಗಿನ ಗಡ್ಡೆ ಬಹಳ ಸಲ ಒಂದೇ ಬೂದುಬಣ್ಣದಲ್ಲಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸಿ ತೋರಿಸಲು ಅಯೋಡಿನ್ ಇರುವ ದ್ರಾವಣವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಜನ ಇದನ್ನು ಡೈ ಎಂದರೂ ಅದಕ್ಕೆ ಬಣ್ಣವಿಲ್ಲ. ಅಯೋಡಿನ್ ಕಿರಣಗಳನ್ನು ತಡೆಯುವುದರಿಂದ ರಕ್ತ ಹರಿಯುವ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ.

ಒಂದು ಹಿಡಿ ನೀಲಿಯನ್ನು ಬಕೆಟ್ಟಿಗೆ ಹಾಕಿದರೆ ನೀರು ಗಾಢವಾಗುತ್ತದೆ. ಅದೇ ಹಿಡಿಯನ್ನು ತುಂಗಭದ್ರೆಗೆ ಹಾಕಿದರೆ ಗುರುತೂ ಸಿಗದು. ಡೈ ವಿಷಯವೂ ಹಾಗೆಯೇ. ದೇಹ ದೊಡ್ಡದಾದಂತೆ ರಕ್ತವೂ ಹೆಚ್ಚು, ಡೈ ಅಷ್ಟೇ ತೆಳುವಾಗುತ್ತದೆ.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಮಿಲಿಲೀಟರಿಗೆ 300 ಮಿಲಿಗ್ರಾಂ ಅಯೋಡಿನ್ ಇರುವ ದ್ರಾವಣವನ್ನು ಎಲ್ಲರಿಗೂ 100 ಮಿಲಿಲೀಟರ್ ಕೊಟ್ಟರೆ ಒಟ್ಟು 30 ಗ್ರಾಂ ಅಯೋಡಿನ್ ಆಯಿತು. ಲಿವರ್ ಪರೀಕ್ಷೆಗೆ ಕಿಲೋ ತೂಕಕ್ಕೆ ಸುಮಾರು 500 ಮಿಲಿಗ್ರಾಂ ಬೇಕೆಂದು ಇಟ್ಟುಕೊಳ್ಳಿ. 60 ಕಿಲೋ ಇರುವವರಿಗೆ ಈ ಲೆಕ್ಕ ಸರಿಹೋಗುತ್ತದೆ. ಕೂಲಿ ಮಾಡಿ ಬಡಕಲಾದ 40 ಕಿಲೋ ತೂಕದ ತಾಯಿಗೆ ಸುಮಾರು 67 ಮಿಲಿಲೀಟರ್ ಸಾಕಿತ್ತು. ಉಳಿದ 33 ಅನಗತ್ಯ. 90 ಕಿಲೋ ತೂಕದ ವ್ಯಕ್ತಿಗೆ ಕಿಲೋಗೆ 333 ಮಿಲಿಗ್ರಾಂ ಮಾತ್ರ ಸಿಕ್ಕಿತು. ಚಿತ್ರ ಮಸುಕಾಗಿ ಸಣ್ಣ ಗಡ್ಡೆ ಕಣ್ತಪ್ಪಬಹುದು. ಕಣ್ತಪ್ಪಿದ ಗಡ್ಡೆ ‘ಏನೂ ಇಲ್ಲ’ ಎಂಬ ವರದಿಯೊಂದಿಗೆ ಊರಿಗೆ ಮರಳುತ್ತದೆ, ಒಳಗೇ ಬೆಳೆಯುತ್ತದೆ.

ಹಾಗೆಂದು ತೂಕ ಏರಿದಷ್ಟೂ ಡೈ ಏರಿಸುತ್ತಾ ಹೋಗುವಂತಿಲ್ಲ. ಕೊಬ್ಬಿನಲ್ಲಿ ರಕ್ತ ಸಂಚಾರ ಕಡಿಮೆ. ಆದ್ದರಿಂದ ಬಹಳ ದಪ್ಪಗಿರುವವರಿಗೆ ಕೊಬ್ಬನ್ನು ಬಿಟ್ಟು ಉಳಿದ ತೂಕದ ಮೇಲೆ ಲೆಕ್ಕ ಹಾಕುವುದು ಹೆಚ್ಚು ಸೂಕ್ತ. ಯಂತ್ರದ ವೋಲ್ಟೇಜ್ ಇಳಿಸಿದರೆ ಅಯೋಡಿನ್ ಇನ್ನಷ್ಟು ಬೆಳ್ಳಗೆ ಕಾಣುವುದರಿಂದ ತೆಳ್ಳಗಿನವರಿಗೂ ಮಕ್ಕಳಿಗೂ ಡೈ ಮತ್ತಷ್ಟು ಕಡಿಮೆ ಸಾಕಾಗುತ್ತದೆ.

2022ರಲ್ಲಿ ಕೋವಿಡ್ ಲಾಕ್‌ಡೌನಿನಿಂದ ಶಾಂಘೈನ ಕಾರ್ಖಾನೆಯೊಂದು ನಿಂತು ಹಲವು ದೇಶಗಳಲ್ಲಿ ಡೈ ಕೊರತೆಯಾಯಿತು. ಆಗ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ನೀಡಿದ ಸಲಹೆಗಳಲ್ಲಿ ತೂಕ ನೋಡಿ ಡೈ ಕೊಡುವುದೂ ಒಂದು. ಕೊರತೆ ಇಲ್ಲದಾಗಲೂ ಇದು ಒಳ್ಳೆಯ ಪದ್ಧತಿಯೇ.

ಡೈ ಮೂತ್ರಪಿಂಡಗಳ ಮೂಲಕ ಹೊರಹೋಗುತ್ತದೆ. ಅವು ಚೆನ್ನಾಗಿರುವವರು ಹೆದರಬೇಕಿಲ್ಲ. ಈಗಾಗಲೇ ತೀವ್ರವಾಗಿ ದುರ್ಬಲವಾಗಿರುವವರಲ್ಲಿ ಎಚ್ಚರ ಬೇಕು. ಅಲರ್ಜಿಯ ಮಾತು ಬೇರೆ. ಅದು ಸ್ವಲ್ಪ ಡೈಗೂ ಬರಬಹುದು. ಆದ್ದರಿಂದ ಅಳತೆ ಸರಿ ಇದ್ದರೂ ಹಿಂದಿನ ಅಲರ್ಜಿಯನ್ನು ಮುಚ್ಚಿಡಬೇಡಿ.

ನಾವು ಮಾಡಬೇಕಾದುದು ಇಷ್ಟೇ. ಸ್ಕ್ಯಾನಿಗೆ ಹೋಗುವ ಮುನ್ನ ತೂಕ ನೋಡಿಸಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂದಾಜು ಹೇಳಬೇಡಿ. ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯನ್ನು ಜೊತೆಗೊಯ್ಯಿರಿ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ, ಥೈರಾಯ್ಡ್ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿರಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ‘ನನ್ನ ತೂಕ ಇಷ್ಟು, ಅದಕ್ಕೆ ತಕ್ಕಂತೆ ಕೊಡುತ್ತೀರಾ?’ ಎಂದು ವಿನಯದಿಂದ ಕೇಳಿರಿ. ಎಷ್ಟು ಕೊಡಬೇಕೆಂದು ನಿರ್ಧರಿಸುವವರು ವೈದ್ಯರೇ. ಆದರೆ ನಿಜವಾದ ತೂಕವನ್ನು ಅವರ ಮುಂದಿಡುವುದು ನಮ್ಮ ಕರ್ತವ್ಯ.

ವಿದ್ಯಾರ್ಥಿಗಳೇ, ಓದು ಬಾರದ ಅಜ್ಜ ಅಜ್ಜಿಯರ ಜೊತೆ ಆಸ್ಪತ್ರೆಗೆ ಹೋಗುವವರು ನೀವು. ಆ ಚೀಟಿಯನ್ನು ಬರೆಯುವ ಕೈ ನಿಮ್ಮದಾಗಲಿ.