ಬರ್ಲಿನ್ ನಗರದ ಸಂಧ್ಯಾಪ್ರಾರ್ಥನೆ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಪ್ರಾರ್ಥನೆಯೆಂಬುದು ನಿರುಪದ್ರವಿಯಾದ ಕಾರ್ಯವೆಂದು ಲೋಕವು ಸಾಮಾನ್ಯವಾಗಿ ಎಣಿಸುವುದುಂಟು. ಕೈಮುಗಿದು ನಿಂತವನಿಂದ ರಾಜ್ಯಕ್ಕೆ ಏನು ಹಾನಿ? ದೇವರೊಡನೆ ಆಡಿದ ಮಾತು ದೇವರಿಗೂ ಅವನಿಗೂ ಸೇರಿದುದೆಂದು ಅಧಿಕಾರಸ್ಥರೂ ಅದರ ಗೊಡವೆಗೆ ಹೋಗುವುದು ಕಡಮೆ. ಆದರೆ ಜರ್ಮನಿಯ ರಾಜಧಾನಿಯಾದ ಬರ್ಲಿನ್ ನಗರದಲ್ಲಿ ೧೯೪೨ನೆಯ ಇಸವಿ ಮೇ ತಿಂಗಳ ೨೨ನೆಯ ತಾರೀಖು ಅರುವತ್ತಾರು ವರ್ಷ ವಯಸ್ಸಿನ ಕ್ರೈಸ್ತ ಯಾಜಕರೊಬ್ಬರಿಗೆ, ದೇವಾಲಯದಲ್ಲಿ ಬಾಯ್ಬಿಟ್ಟು ಮಾಡಿದ ಪ್ರಾರ್ಥನೆಯೇ ಅಪರಾಧವಾಗಿ, ಎರಡು ವರ್ಷಗಳ ಕಾರಾಗೃಹವಾಸವು ವಿಧಿಸಲ್ಪಟ್ಟಿತು. ಅವರ ಹೆಸರು ಬೆರ್ನ್‌ಹಾರ್ಡ್ ಲಿಖ್ಟನ್‌ಬೆರ್ಗ್. ಯಾವ ಪ್ರಾರ್ಥನೆಯು ಒಂದು ಬಲಿಷ್ಠ ರಾಜ್ಯವನ್ನು ಹೀಗೆ ಕೆರಳಿಸಿತೆಂಬುದು ಆಲೋಚಿಸತಕ್ಕ ವಿಷಯ.

ಯೇಸುಸ್ವಾಮಿಯು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೊಂದಿದೆ. ಕ್ರೈಸ್ತರಲ್ಲಿ ಎಷ್ಟು ಪಂಗಡಗಳಿದ್ದರೂ ಅದನ್ನು ನಿತ್ಯವೂ ಹೇಳದವರು ವಿರಳ. ಅದರಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಅಂಶವೊಂದುಂಟು: 'ನನ್ನ' ಎಂಬ ಮಾತು ಅಲ್ಲಿ ಒಮ್ಮೆಯೂ ಬರುವುದಿಲ್ಲ. ತಂದೆಯೆಂದು ಕರೆಯುವಲ್ಲಿ, ಅನ್ನವನ್ನು ಬೇಡುವಲ್ಲಿ, ಪಾಪಕ್ಷಮೆಯನ್ನು ಯಾಚಿಸುವಲ್ಲಿ, ಶೋಧನೆಗೆ ಸಿಕ್ಕದಂತೆ ಕಾಪಾಡಬೇಕೆಂದು ಮೊರೆಯಿಡುವಲ್ಲಿ, ಎಲ್ಲೆಲ್ಲಿಯೂ ಬಹುವಚನವೇ. ಒಬ್ಬನೇ ಕೋಣೆಯಲ್ಲಿ ಕುಳಿತು ಹೇಳಿದರೂ ಅವನು ಹಲವರ ಪರವಾಗಿ ಹೇಳಿದಂತೆಯೇ ಆಗುವುದು. ಧರ್ಮನಿಷ್ಠೆಯನ್ನು ಬೇಡುವ ಕ್ರೈಸ್ತಪ್ರಾರ್ಥನೆಗಳೆಲ್ಲಕ್ಕೂ ಇದು ಬುನಾದಿ. ಆದರೆ ಆ 'ನಾವು' ಎಂಬುದರೊಳಗೆ ಯಾರು ಯಾರು ಸೇರಿರುವರು? ಸಮಾಜವು ನೆಟ್ಟಗಿರುವ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸಮಾಜವು ಕೆಟ್ಟಾಗ ಅದೊಂದೇ ಪ್ರಶ್ನೆಯಾಗಿ ಉಳಿಯುವುದು.

ಲಿಖ್ಟನ್‌ಬೆರ್ಗರು ೧೮೭೫ನೆಯ ಇಸವಿ ಡಿಸೆಂಬರ್ ೩ರಂದು ಸೈಲೀಷಿಯಾ ಪ್ರಾಂತದ ಓಲೌ ಎಂಬ ಊರಿನಲ್ಲಿ ಜನಿಸಿದರು. ೧೮೯೯ರಲ್ಲಿ ಕ್ಯಾಥೋಲಿಕ್ ಯಾಜಕದೀಕ್ಷೆಯನ್ನು ಪಡೆದು, ಮರುವರ್ಷವೇ ಬರ್ಲಿನ್ನಿಗೆ ಬಂದು, ಜೀವಮಾನವನ್ನೆಲ್ಲ ಆ ನಗರದ ಸೇವೆಯಲ್ಲಿಯೇ ಸವೆಸಿದರು. ೧೯೩೨ರಿಂದ ಅವರು ಅಲ್ಲಿಯ ಸಂತ ಹೆಡ್ವಿಗಳ ಮಹಾದೇವಾಲಯದ ಯಾಜಕರು. ೧೯೩೮ರಲ್ಲಿ ಅದರ ಪ್ರಧಾನರು. ಆ ದೇವಾಲಯವು ರೋಮಿನ ಪ್ಯಾಂಥಿಯಾನಿನ ಮಾದರಿಯಲ್ಲಿ ಗುಂಡಾದ ಗುಮ್ಮಟವುಳ್ಳ ಕಟ್ಟಡ, ೧೭೭೩ರಲ್ಲಿ ಪ್ರತಿಷ್ಠಿತವಾದುದು. ಅದರ ಮುಂದಣ ಚೌಕದಲ್ಲಿಯೇ ೧೯೩೩ನೆಯ ಮೇ ೧೦ರ ರಾತ್ರಿ ನಾತ್ಸೀ ಪಕ್ಷದ ವಿದ್ಯಾರ್ಥಿಗಳು ಸುಮಾರು ೨೦ ಸಾವಿರ ಗ್ರಂಥಗಳನ್ನು ರಾಶಿ ಹಾಕಿ ಸುಟ್ಟರು. ಗ್ರಂಥವನ್ನು ಸುಟ್ಟ ಬೆಂಕಿಯು ಅಲ್ಲಿಗೇ ನಿಲ್ಲಲಿಲ್ಲ. ೧೯೩೫ರ ನ್ಯೂರೆಂಬರ್ಗ್ ಶಾಸನಗಳು ಯೆಹೂದ್ಯರ ಪೌರತ್ವವನ್ನು ಕಸಿದುಕೊಂಡುವು. ೧೯೩೮ನೆಯ ನವೆಂಬರ್ ೯ರ ರಾತ್ರಿಯೂ ಮರುದಿನವೂ ದೇಶಾದ್ಯಂತವಾಗಿ ಅವರ ನೂರಾರು ಪ್ರಾರ್ಥನಾಮಂದಿರಗಳು ಉರಿದುಹೋದುವು, ಅಂಗಡಿಗಳು ಪುಡಿಯಾದುವು, ಸಾವಿರಾರು ಮಂದಿ ಗಂಡಸರು ಬಂದಿಶಿಬಿರಗಳಿಗೆ ಒಯ್ಯಲ್ಪಟ್ಟರು. ಬೀದಿಯಲ್ಲಿ ನೋಡುತ್ತ ನಿಂತವರಲ್ಲಿ ದೀಕ್ಷಾಸ್ನಾನವನ್ನು ಪಡೆದ ಕ್ರೈಸ್ತರೇ ಬಹುಮಂದಿ.

ನವೆಂಬರ್ ೧೦ರ ಸಾಯಂಕಾಲ ಎಂದಿನಂತೆ ಸಂಧ್ಯಾಪ್ರಾರ್ಥನೆಗೆ ಗಂಟೆಯಾಯಿತು. ಲಿಖ್ಟನ್‌ಬೆರ್ಗರು ಸಭೆಯ ಮುಂದೆ ನಿಂತು, ಹೊರಗೆ ಉರಿಯುತ್ತಿರುವ ಯೆಹೂದ್ಯರ ಮಂದಿರವೂ ದೇವರ ಮನೆಯೇ ಎಂಬುದನ್ನು ನೆನಪಿಗೆ ತಂದು, ಹಿಂಸೆಗೆ ಒಳಗಾದ ಯೆಹೂದ್ಯರಿಗಾಗಿ ಗಟ್ಟಿಯಾದ ದನಿಯಲ್ಲಿ ಪ್ರಾರ್ಥಿಸಿದರು. ಒಂದು ದಿನದ ಆವೇಶವಾಗಿದ್ದರೆ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಮರುದಿನವೂ ಹಾಗೆಯೇ ಪ್ರಾರ್ಥಿಸಿದರು. ಅದರ ಮರುದಿನವೂ ಪ್ರಾರ್ಥಿಸಿದರು. ಯೆಹೂದ್ಯರು, ಯೆಹೂದ್ಯವಂಶದಿಂದ ಬಂದ ಕ್ರೈಸ್ತರು, ಬಂದಿಶಿಬಿರಗಳಲ್ಲಿ ನರಳುವವರು — ಇವರೆಲ್ಲರನ್ನೂ ಹೆಸರಿಟ್ಟು ದೇವರೆದುರಿಗೆ ತರುವುದು ಹೆಚ್ಚುಕಡಮೆ ಮೂರು ವರ್ಷಗಳ ಕಾಲ ಸಂಜೆ ಸಂಜೆಯೂ ನಡೆಯಿತು. ಇದರಲ್ಲಿ ವಾಗ್ವೈಭವವಿಲ್ಲ, ಜಪಮಾಲೆಯ ಮಣಿಗಳಂತೆ ಅವೇ ಮಾತುಗಳು ತಿರುತಿರುಗಿ ಬರುತ್ತಿದ್ದುವು. ರಾಜ್ಯವು ಯಾರನ್ನು 'ನಾವು' ಎಂಬುದರಿಂದ ಕಿತ್ತುಹಾಕಿತೋ ಅವರನ್ನು ಈ ವೃದ್ಧರು ದಿನಕ್ಕೊಂದಾವರ್ತಿ ಮತ್ತೆ ಅದರೊಳಕ್ಕೆ ಸೇರಿಸುತ್ತಿದ್ದರು.

ಇಲ್ಲಿ ಸತ್ಯವನ್ನು ಮರೆಮಾಚುವುದು ಉಚಿತವಲ್ಲ. ಅದೇ ದೇಶದಲ್ಲಿ ಹಿಟ್ಲರನ ಜನ್ಮದಿನಕ್ಕಾಗಿ ದೇವಾಲಯಗಳ ಗಂಟೆಗಳು ಮೊಳಗಿದ್ದುಂಟು, ಅವನ ಕ್ಷೇಮಕ್ಕಾಗಿ ಪ್ರಾರ್ಥನೆಗಳು ನಡೆದುದುಂಟು. ಕ್ಯಾಥೋಲಿಕರಲ್ಲಿಯೂ ಪ್ರಾಟೆಸ್ಟೆಂಟರಲ್ಲಿಯೂ ಹೆಚ್ಚಿನ ಪೀಠಗಳು ಯೆಹೂದ್ಯರ ವಿಷಯದಲ್ಲಿ ಮೌನವನ್ನೇ ಆಶ್ರಯಿಸಿದುವು. ಆದಕಾರಣ ಪ್ರಾರ್ಥನೆಯು ತನ್ನಷ್ಟಕ್ಕೆ ತಾನೇ ಮನುಷ್ಯನನ್ನು ಸನ್ಮಾರ್ಗದಲ್ಲಿ ನಿಲ್ಲಿಸುವುದೆಂದು ಹೇಳಲಾಗದು. ಮನಸ್ಸಿನಲ್ಲಿಯೇ ಮರುಗಿ ಗುಟ್ಟಾಗಿ ಬೇಡಿಕೊಂಡವರೂ ಇದ್ದಿರಬೇಕು. ಅವರನ್ನು ಹಳಿಯುವುದು ದೂರದಲ್ಲಿ ಸುಖವಾಗಿ ಕುಳಿತವರಿಗೆ ಸಲ್ಲದು. ಆದರೂ ಗುಟ್ಟಿನ ಪ್ರಾರ್ಥನೆಯು ನೆರೆಯವನ ಕಿವಿಗೆ ಬೀಳದು, ಗಟ್ಟಿಯಾಗಿ ಹೇಳಿದುದು ಬಿದ್ದೇ ತೀರುವುದು.

ಬಿದ್ದೇ ತೀರಿತು. ೧೯೪೧ನೆಯ ಆಗಸ್ಟ್ ಕೊನೆಯಲ್ಲಿ ದೇವಾಲಯವನ್ನು ನೋಡಲೆಂದು ಒಳಹೊಕ್ಕ ಇಬ್ಬರು ವಿದ್ಯಾರ್ಥಿನಿಯರು ಆ ಪ್ರಾರ್ಥನೆಯನ್ನು ಕೇಳಿ ದೂರು ಕೊಟ್ಟರು. ಅದೇ ದಿನಗಳಲ್ಲಿ ಲಿಖ್ಟನ್‌ಬೆರ್ಗರು ರಾಜ್ಯದ ವೈದ್ಯಾಧಿಕಾರಿಗಳಲ್ಲಿ ಮುಖ್ಯನಾದ ಕೋಂಟಿಗೆ ಪತ್ರವನ್ನು ಬರೆದು, ಮನೋರೋಗಿಗಳನ್ನು ಗುಟ್ಟಾಗಿ ಕೊಲ್ಲುತ್ತಿರುವುದನ್ನು ಖಂಡಿಸಿದ್ದರು. ಸೆಪ್ಟೆಂಬರಿನಲ್ಲಿ ಯೆಹೂದ್ಯರು ಎದೆಯ ಮೇಲೆ ಹಳದಿಯ ನಕ್ಷತ್ರವನ್ನು ಧರಿಸಬೇಕೆಂಬ ಆಜ್ಞೆಯಾಯಿತು. ಅಕ್ಟೋಬರ್ ೧೮ರಂದು ಅವರನ್ನು ಬರ್ಲಿನ್ನಿನಿಂದ ಪೋಲೆಂಡಿನ ಊಜ್ ನಗರಕ್ಕೆ ಸಾಗಿಸುವ ಮೊದಲನೆಯ ರೈಲು ಹೊರಟಿತು. ಐದು ದಿನಗಳ ತರುವಾಯ, ೨೩ರಂದು, ಗೆಸ್ಟಾಪೋ ಎಂಬ ಗುಪ್ತಪೋಲೀಸಿನವರು ಯಾಜಕರನ್ನು ಹಿಡಿದರು. ಮನೆಯನ್ನು ಶೋಧಿಸಿದಾಗ ಒಂದು ಬರಹವು ಸಿಕ್ಕಿತು. ಯೆಹೂದ್ಯರಿಗೆ ಸ್ನೇಹ ತೋರುವುದು ದೇಶದ್ರೋಹವೆಂದು ಸಾರುವ ಕರಪತ್ರವೊಂದು ಆಗ ಮನೆಮನೆಗೂ ಹಂಚಲ್ಪಟ್ಟಿತ್ತು. ಅದರಿಂದ ಯಾರೂ ದಾರಿತಪ್ಪದೆ, ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಕ್ರಿಸ್ತನ ಕಟ್ಟಳೆಯಂತೆ ನಡೆಯಬೇಕೆಂದು ಭಾನುವಾರ ಸಭೆಯಲ್ಲಿ ಓದಲು ಅವರು ಅದನ್ನು ಸಿದ್ಧಪಡಿಸಿಟ್ಟಿದ್ದರು. ಆ ಭಾನುವಾರ ಅದು ಓದಲ್ಪಡಲಿಲ್ಲ.

ವಿಚಾರಣೆಯಲ್ಲಿ ಅವರು ಏನನ್ನೂ ಅಲ್ಲಗಳೆಯಲಿಲ್ಲ. ಯೆಹೂದ್ಯರನ್ನು ಗಡೀಪಾರು ಮಾಡುವುದು ಕ್ರೈಸ್ತನೀತಿಗೆ ವಿರುದ್ಧವೆಂದೇ ಹೇಳಿದರು. ವಿಶೇಷ ನ್ಯಾಯಾಲಯವು ಪ್ರಸಂಗಪೀಠದ ದುರುಪಯೋಗವೆಂತಲೂ ರಾಜ್ಯದ ಮೇಲೆ ಕುಟಿಲವಾದ ಆಕ್ರಮಣವೆಂತಲೂ ಎರಡು ಅಪರಾಧಗಳನ್ನು ಹೊರಿಸಿತು. ತೇಗೆಲ್ ಕಾರಾಗೃಹದಲ್ಲಿ ಅವರ ದೇಹವು ಹೃದಯದ ಬೇನೆಯಿಂದ ಕುಗ್ಗಿಹೋಯಿತು. ೧೯೪೩ರ ಮಾರ್ಚ್‌ನಲ್ಲಿ ಅವರ ದೇವಾಲಯವೂ ವಿಮಾನದಾಳಿಯಲ್ಲಿ ಸುಟ್ಟು ಅದರ ಗುಮ್ಮಟವು ಕುಸಿಯಿತು. ಆ ಏಪ್ರಿಲ್‌ನಲ್ಲಿ ಅದೇ ಕಾರಾಗೃಹಕ್ಕೆ ಪ್ರಾಟೆಸ್ಟೆಂಟ್ ಪಂಗಡದ ಡೀಟ್ರಿಖ್ ಬೋನ್‌ಹೋಫರ್ ಎಂಬ ತರುಣ ಪಂಡಿತರನ್ನೂ ತಂದು ಕೂಡಿದರು. ಅವರು ಆ ವರ್ಷದ ಕ್ರಿಸ್ಮಸ್ ಹಬ್ಬಕ್ಕೆ ಸಹಬಂದಿಗಳಿಗಾಗಿ ಪ್ರಾತಃಕಾಲಕ್ಕೊಂದು, ಸಾಯಂಕಾಲಕ್ಕೊಂದು, ಸಂಕಟದ ಹೊತ್ತಿಗೊಂದು ಎಂದು ಪ್ರಾರ್ಥನೆಗಳನ್ನು ರಚಿಸಿಕೊಟ್ಟರು. ೧೯೪೫ನೆಯ ಏಪ್ರಿಲ್ ೯ರಂದು ಗಲ್ಲಿಗೇರಿದರು. ನಾಲ್ಕು ನೂರು ವರ್ಷಗಳಿಂದ ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸದ ಎರಡು ಪಂಗಡಗಳವರು ಹೀಗೆ ಕೆಲವು ತಿಂಗಳು ಒಂದೇ ಗೋಡೆಗಳೊಳಗೆ ಪ್ರಾರ್ಥಿಸುತ್ತಿದ್ದರು.

ಲಿಖ್ಟನ್‌ಬೆರ್ಗರ ಬಿಡುಗಡೆಯು ಸಮೀಪಿಸಿದಾಗ ಬಿಷಪ್ ಪ್ರೈಸಿಂಗ್ ಅವರು ಸೆರೆಮನೆಗೆ ಬಂದು ಗೆಸ್ಟಾಪೋದವರ ಸಂಧಾನವನ್ನು ತಿಳಿಸಿದರು: ಯುದ್ಧವು ಮುಗಿಯುವವರೆಗೆ ಧರ್ಮೋಪದೇಶ ಮಾಡದೆ ಸುಮ್ಮನಿದ್ದರೆ ಸ್ವತಂತ್ರವಾಗಿರಬಹುದು. ಮುದುಕರು ಒಪ್ಪಲಿಲ್ಲ, ಅದಕ್ಕೆ ಬದಲಾಗಿ, ಊಜ್ ನಗರಕ್ಕೆ ಗಡೀಪಾರಾದ ಯೆಹೂದ್ಯರ ಬಳಿಗೆ, ಅವರ ನಡುವೆ ಇರುವುದಕ್ಕಾಗಿ, ತಮ್ಮನ್ನು ಕಳುಹಿಸಬೇಕೆಂದು ಕೇಳಿಕೊಂಡರು. ಅವರು ಇಷ್ಟು ದಿನ ಮಾಡಿದ ಪ್ರಾರ್ಥನೆಯ ಅರ್ಥವು ಈ ಬೇಡಿಕೆಯಲ್ಲಿ ವಿಶದವಾಗುವುದು. ಆ ಬೇಡಿಕೆಯು ಸಲ್ಲಲಿಲ್ಲ. ಶಿಕ್ಷೆಯ ಅವಧಿಯು ಮುಗಿದ ದಿನವೇ ಗೆಸ್ಟಾಪೋ ಅವರನ್ನು ಮತ್ತೆ ವಶಪಡಿಸಿಕೊಂಡು, ಡಾಖೌ ಬಂದಿಶಿಬಿರಕ್ಕೆ ಸಾಗಿಸಲು ಹೊರಡಿಸಿತು. ಮಾರ್ಗದಲ್ಲಿ ಹೋಫ್ ಎಂಬ ಊರಿನಲ್ಲಿ ರೋಗವು ಉಲ್ಬಣಿಸಿ, ೧೯೪೩ನೆಯ ನವೆಂಬರ್ ೫ರಂದು ಅಲ್ಲಿಯ ಆಸ್ಪತ್ರೆಯಲ್ಲಿ ದೇಹವನ್ನು ಬಿಟ್ಟರು.

ಆ ತಿಂಗಳ ೧೬ರಂದು ಬರ್ಲಿನ್ನಿನಲ್ಲಿ ಸಮಾಧಿಯಾಯಿತು. ಜನರು ತಂಡತಂಡವಾಗಿ ಶವದ ಹಿಂದೆ ನಡೆದರು. ೧೯೬೫ರಲ್ಲಿ ಅವರ ಅಸ್ಥಿಗಳನ್ನು ಸಂತ ಹೆಡ್ವಿಗಳ ದೇವಾಲಯದ ನೆಲಮಾಳಿಗೆಗೆ ತರಲಾಯಿತು. ೧೯೯೬ನೆಯ ಜೂನ್ ೨೩ರಂದು ಪೋಪ್ ಎರಡನೆಯ ಜಾನ್ ಪಾಲರು ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ, ಹಿಟ್ಲರನು ೧೯೩೬ರ ಕ್ರೀಡೋತ್ಸವಕ್ಕಾಗಿ ಕಟ್ಟಿಸಿದ ಆ ಕ್ರೀಡಾಂಗಣದಲ್ಲಿಯೇ, ಅವರನ್ನು ಪುಣ್ಯವಂತರ ಶ್ರೇಣಿಗೆ ಏರಿಸಿದರು. ೨೦೦೪ರಲ್ಲಿ ಜೆರೂಸಲೇಮಿನ ಯಾದ್ ವಶೇಮ್ ಎಂಬ ಯೆಹೂದ್ಯ ಸ್ಮಾರಕಸಂಸ್ಥೆಯು, ತಮ್ಮ ಜನಕ್ಕಾಗಿ ಅಪಾಯವನ್ನು ಮೈಮೇಲೆ ಎಳೆದುಕೊಂಡ ಅನ್ಯಮತೀಯ ಸಜ್ಜನರ ಪಟ್ಟಿಯಲ್ಲಿ ಬೆರ್ನ್‌ಹಾರ್ಡ್ ಲಿಖ್ಟನ್‌ಬೆರ್ಗರ ಹೆಸರನ್ನು ಬರೆಯಿಸಿತು.