ನವೆಂಬರ್ 26: ರೈಲಿಗೆ ಕಾಯ್ತಿದ್ದವರ ನೆನಪು



ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಾವು ಮುಂಬೈಯಿಂದ ಊರಿಗೆ ಬರಬೇಕಂದ್ರ ರಾತ್ರಿ ಸಿಎಸ್‌ಟಿ ನಿಲ್ದಾಣದಾಗ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಕಾಯ್ತೀವಿ. 2008ರ ನವೆಂಬರ್ 26ರ ರಾತ್ರಿ ಅದೇ ನಿಲ್ದಾಣದಾಗ 50ಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ಹೆಚ್ಚಿನವರು ನಮ್ಮಂಗ ರೈಲಿಗೆ ಕಾಯ್ತಿದ್ದವರು. ಇಡೀ ಮುಂಬೈಯಲ್ಲಿ ಸತ್ತವರು 166 ಮಂದಿ.

ಅನೌನ್ಸರ್ ವಿಷ್ಣು ಝೇಂಡೆ ಮೈಕು ಬಿಟ್ಟು ಓಡಲಿಲ್ಲ. ಜನರಿಗೆ ಹೊರಗೆ ಹೋಗುವ ದಾರಿ ಹೇಳುತ್ತಲೇ ಇದ್ದರು. ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಂ ಓಂಬ್ಳೆ ಕೈಯಲ್ಲಿದ್ದದ್ದು ಬರೀ ಲಾಠಿ. ಕಸಬ್‌ನ ಬಂದೂಕಿನ ನಳಿಗೆ ಹಿಡಿದರು, ಗುಂಡು ಬಿದ್ದರೂ ಬಿಡಲಿಲ್ಲ. ಅದಕ್ಕೇ ಅವನು ಜೀವಂತ ಸಿಕ್ಕ. ಸೊಲ್ಲಾಪುರದಲ್ಲಿ ಪೊಲೀಸ್ ಆಯುಕ್ತರಾಗಿದ್ದ ಅಶೋಕ ಕಾಮ್ಟೆ ಆ ರಾತ್ರಿ ಮಡಿದರು. ಬೆಂಗಳೂರಲ್ಲಿ ಬೆಳೆದ ಮಲಯಾಳಿ ಮನೆಯ ಮಗ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟರು.

ಇವರ್ಯಾರೂ ಕಾಪಾಡುವಾಗ ಎದುರಿಗಿದ್ದವರ ಮಾತೃಭಾಷೆ ಕೇಳಲಿಲ್ಲ. ಶಾಲೆ, ಬೋರ್ಡು, ದಾಖಲೆ ಕನ್ನಡದಾಗ ಬೇಕು ಅನ್ನೋ ನಮ್ಮ ಹೋರಾಟ ಸರಕಾರದ ಜೊತೆ. ಪಕ್ಕದ ಮನೆಯ ಮರಾಠಿಯವರ ಜೊತೆ ಅಲ್ಲ. ಇವತ್ತು ಓಂಬ್ಳೆಯವರ ಕಥೆಯನ್ನು ಮನೆಯ ಮಕ್ಕಳಿಗೆ ನಮ್ಮ ಕನ್ನಡದಾಗ ಹೇಳೋಣ.

ಈಗ ಎರಡು ನಿಮಿಷ ಎದ್ದು ನಿಲ್ಲೋಣ.