ಬಿಸಿನೀರಿನಲ್ಲಿ ರೇಷ್ಮೆಗೂಡು



ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ರೇಷ್ಮೆಗೂಡನ್ನು ಮೊದಲು ಬಿಸಿನೀರಿನಲ್ಲಿ ಬೇಯಿಸುತ್ತಾರೆ. ಗಟ್ಟಿ ಗೂಡು ಮೆತ್ತಗಾಗಿ ಎಳೆಯ ತುದಿ ಕೈಗೆ ಸಿಗುತ್ತದೆ. ಆಮೇಲೆ ನೂರಾರು ಮೀಟರ್ ಉದ್ದದ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಗೂಡನ್ನು ಬಿಗಿದಿಟ್ಟಿದ್ದ ಅಂಟು ಸಡಿಲವಾಯಿತು, ಎಳೆ ಮಾತ್ರ ಗಟ್ಟಿಯಾಗಿಯೇ ಉಳಿಯಿತು. ಯಾಕೆ?

ಉತ್ತರ ಪರಮಾಣುಗಳ ನಡುವಿನ ಬಂಧದಲ್ಲಿದೆ. ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಾಗ ಬಂಧವಾಗುತ್ತದೆ. ಈ ಹಂಚಿಕೆ ಯಾವಾಗಲೂ ಸರಿಸಮ ಇರುವುದಿಲ್ಲ. ಹಂಚಿಕೊಂಡ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಪರಮಾಣುವಿನ ಸಾಮರ್ಥ್ಯವೇ ವಿದ್ಯುತ್ ಋಣತ್ವ. ಇದನ್ನು ಅಂಕಿಗಳಲ್ಲಿ ಅಳೆಯುವ ದಾರಿಯನ್ನು 1932ರಲ್ಲಿ ಲೈನಸ್ ಪೌಲಿಂಗ್ ತೋರಿಸಿದರು. ಇಂದಿನ ಪಟ್ಟಿಯಲ್ಲಿ ಹೈಡ್ರೋಜನ್ 2.20, ಇಂಗಾಲ 2.55, ಆಮ್ಲಜನಕ 3.44. ಇಂಗಾಲ ಮತ್ತು ಹೈಡ್ರೋಜನ್ ನಡುವಿನ ಅಂತರ ಕೇವಲ 0.35, ಅಲ್ಲಿ ಹಂಚಿಕೆ ಹೆಚ್ಚುಕಡಿಮೆ ಸಮ. ಆಮ್ಲಜನಕ ಮತ್ತು ಹೈಡ್ರೋಜನ್ ನಡುವೆ ಅಂತರ 1.24. ಹಾಗಾಗಿ ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ತುಸು ಋಣ, ಹೈಡ್ರೋಜನ್ ಕಡೆ ತುಸು ಧನ. ಇಂಥದ್ದೇ ಧ್ರುವೀಯ ಬಂಧ. ನೀರಿನ ಅಣು ಬಾಗಿರುವುದರಿಂದ ಅದರ ಎರಡು ಆಮ್ಲಜನಕ–ಹೈಡ್ರೋಜನ್ ಬಂಧಗಳ ಸೆಳೆತ ಒಂದನ್ನೊಂದು ರದ್ದು ಮಾಡುವುದಿಲ್ಲ.

ಗೂಡಿನ ಅಂಟಿನ ಹೆಸರು ಸೆರಿಸಿನ್. ಅದರ ತುಂಬ ಆಮ್ಲಜನಕ–ಹೈಡ್ರೋಜನ್ ಜೋಡಿಗಳಿವೆ. ಅವಕ್ಕೂ ಧನ, ಋಣ ತುದಿಗಳುಂಟು. ನೀರಿನ ಅಣುಗಳು ಅಲ್ಲಿಗೆ ನುಗ್ಗಿ ಅವನ್ನು ಹಿಡಿಯುತ್ತವೆ. ಶಾಖ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಎಳೆ ಫೈಬ್ರಾಯಿನ್ ಎಂಬ ವಸ್ತುವಿನದು. ಅದರಲ್ಲಿಯೂ ಧ್ರುವೀಯ ಬಂಧಗಳಿವೆ. ಆದರೆ ಅದರ ಸರಪಳಿಗಳು ಪರಸ್ಪರ ಬಿಗಿಯಾಗಿ ಹಿಡಿದುಕೊಂಡು ಒತ್ತೊತ್ತಾಗಿ ಕೂತಿವೆ. ನೀರಿಗೆ ಸುಲಭವಾಗಿ ಒಳಗೆ ಹೋಗಲು ಎಡೆಯಿಲ್ಲ.

ಧನ, ಋಣ ತುದಿಗಳಿಂದ ಹಿಡಿದು ಬಿಡಿಸುವ ನೀರಿನ ಇದೇ ಗುಣ ಶಿಡ್ಲಘಟ್ಟವಿರುವ ನಮ್ಮ ಜಿಲ್ಲೆಗೆ ಕಷ್ಟವನ್ನೂ ತಂದಿದೆ. ಎಲೆಕ್ಟ್ರಾನುಗಳನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುವ ಧಾತು ಫ್ಲೋರಿನ್, 3.98. ನೆಲದಡಿಯ ಬಂಡೆಯ ಖನಿಜಗಳಲ್ಲಿ ಅದು ಎಲೆಕ್ಟ್ರಾನನ್ನು ಪೂರಾ ಕಿತ್ತುಕೊಂಡು ಫ್ಲೋರೈಡ್ ಆಗಿ ಕೂತಿರುತ್ತದೆ. ನೀರಿನ ಧನ ತುದಿಗಳು ಅದನ್ನು ಸುತ್ತುವರಿದು ಬಂಡೆಯಿಂದ ಮೆಲ್ಲಗೆ ಬಿಡಿಸಿ ತರುತ್ತವೆ. ಚಿಂತಾಮಣಿ, ಗೌರಿಬಿದನೂರು ಕಡೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಿಗುವುದು ಹೀಗೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟಬಹುದು, ತೀರಾ ಹೆಚ್ಚಿದ್ದರೆ ವರ್ಷಗಟ್ಟಲೆ ಕುಡಿದವರ ಮೂಳೆ ಕೆಡಬಹುದು.

ಗೂಡಿನ ಅಂಟಿಗೆ ಮದ್ದಾದ ಕುದಿತ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಆದ್ದರಿಂದ ನಿಮ್ಮೂರ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು, ಅಡುಗೆಗೆ ಶುದ್ಧೀಕರಣ ಘಟಕದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ.